ಮಡಿಲು ಖಾಲಿಯಿದ್ದ ಗೌರಿ

ಆರ್.ಕೆ.ಪುರಂನ ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲಿ ದೇವರಿಗೆಂದು ಬೇರೆ ಕೋಣೆಯಿರಲಿಲ್ಲ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದುಗಡೆ ಒಂದು ಬಾಲ್ಕನಿ, ಅಷ್ಟೇ. ದೇವರುಗಳೆಲ್ಲ ಅಡುಗೆಮನೆಯ ಗೋಡೆಗೂಡಿನಲ್ಲಿ, ಸಾರಿನಪುಡಿ ಹುಣಿಸೆಹಣ್ಣಿನ ಡಬ್ಬಗಳಿಗಿಂತ ಒಂದು ಹಲಗೆ ಮೇಲೆ, ಒತ್ತೊತ್ತಾಗಿ ಕುಳಿತಿದ್ದರು. ನಡುವೆ ಲಕ್ಷ್ಮಿಯ ಪಟ. ಅಪ್ಪನಿಗೆ ದೆಹಲಿಯಲ್ಲಿ ಮನೆ ಸಿಕ್ಕಿದಾಗ ಅವರ ತಾಯಿ, ಅಂದರೆ ನಮ್ಮ ಅಜ್ಜಿ, ಆ ಪಟವನ್ನು ಎರಡು ಸೀರೆಗಳಲ್ಲಿ ಸುತ್ತಿ, ತಿಪಟೂರಿನಿಂದ ಇಲ್ಲಿಯತನಕ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದಳಂತೆ. ಗುಂಡು ಮುಖ, ಗುಲಾಬಿ ಕೆನ್ನೆ, ಕೈತುಂಬ ಬಳೆ, ಜರಿಯಂಚಿನ ಕೆಂಪು ಸೀರೆ. ಒಗ್ಗರಣೆಯ ಹೊಗೆಗೆ ಗಾಜು ಮಂಕಾಗುತ್ತಿತ್ತು. ಪ್ರತಿ ಶುಕ್ರವಾರ ಅಜ್ಜಿ ಅದನ್ನು ಒದ್ದೆಬಟ್ಟೆಯಿಂದ ಒರೆಸಿ, "ಈಗ ನೋಡು, ಎಷ್ಟು ಕಳೆ ಬಂತು" ಎನ್ನುತ್ತಿದ್ದಳು. ದೇವಿಯೆಂದರೆ ಹೀಗೇ ಇರುತ್ತಾಳೆಂದು ನಾನು ನಂಬಿದ್ದೆ. ಆ ಪಟದ ಕೆಳಗೇ ಸ್ಟೌವಿನ ಮುಂದೆ ದಿನವಿಡೀ ನಿಂತಿರುತ್ತಿದ್ದ ನನ್ನ ಅಮ್ಮ ಕಪ್ಪಗೆ, ತೆಳ್ಳಗೆ ಇದ್ದಳು. ಹೆಗಲ ಮೂಳೆ ರವಿಕೆಯ ಮೇಲಿಂದಲೇ ಕಾಣುತ್ತಿತ್ತು. ಆ ಇಬ್ಬರಿಗೂ ಏನಾದರೂ ಸಂಬಂಧವಿರಬಹುದೆಂದು ನನಗೆ ಹೊಳೆದಿರಲೇ ಇಲ್ಲ.

ಅಪ್ಪ ಕೇಂದ್ರ ಸರ್ಕಾರದ ಒಂದು ಮಂತ್ರಾಲಯದಲ್ಲಿ ಗುಮಾಸ್ತರಾಗಿದ್ದರು. ಮಾತು ಬಹಳ ಕಡಿಮೆ. ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಟರೆ ಸಂಜೆ ಬಂದು, ಕಾಫಿ ಕುಡಿದು, ರೇಡಿಯೊ ಪಕ್ಕ ಕೂತುಬಿಡುತ್ತಿದ್ದರು. ಅಜ್ಜಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು; ಮಡಿ ಮೈಲಿಗೆ ಅವಳಿಗೆ ಉಸಿರಾಟದಷ್ಟೇ ಸಹಜ. ನನಗೆ ಏಳು ವರ್ಷವಾಗಿದ್ದಾಗ ನನಗೊಬ್ಬ ತಮ್ಮ ಹುಟ್ಟಿದ. ಆಸ್ಪತ್ರೆಯಿಂದ ಮನೆಗೆ ತಂದ ದಿನ ಅವನ ಬೆರಳನ್ನು ಮುಟ್ಟಿ ನೋಡಿದ್ದೆ, ಬಿಸಿಯಾಗಿತ್ತು. ಎರಡು ದಿನಕ್ಕೆ ಮೈ ಹಳದಿಯಾಗಿ ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಒಂಬತ್ತನೆಯ ದಿನ ಅವನು ತೀರಿಕೊಂಡ. ಅಪ್ಪ, ಅವರ ಆಫೀಸಿನ ಇಬ್ಬರು ಗೆಳೆಯರು ಎಲ್ಲಿಗೋ ಹೋಗಿ ಬಂದು, ತಲೆಯ ಮೇಲೆ ನೀರು ಸುರಿದುಕೊಂಡರು. ಅಮ್ಮನನ್ನು ಕೆಲವು ದಿನ ಮಲಗಿಸಿದ್ದರು. ಆಮೇಲೊಂದು ಬೆಳಿಗ್ಗೆ ಎದ್ದು ನೋಡುತ್ತೇನೆ, ಅವಳು ಸ್ಟೌವಿನ ಮುಂದೆ ನಿಂತು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ಆ ದಿನದಿಂದ ಆ ಮಗುವಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತಬಾರದೆಂದು ಯಾರೂ ಹೇಳಲೂ ಇಲ್ಲ. ನಾನೊಮ್ಮೆ ಕೇಳಹೊರಟಾಗ ಅಜ್ಜಿ ನನ್ನ ಬಾಯಿಯ ಮೇಲೆ ಕೈಯಿಟ್ಟಳು, ಅಷ್ಟೇ. ಮೂರು ವರ್ಷ ಹೀಗೇ ಕಳೆಯಿತು.

ಆ ಮನೆಗೆ ಪದ್ಮ ಚಿಕ್ಕಮ್ಮ ಬಂದಳು. ಅಮ್ಮನ ತಂಗಿ, ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ದೆಹಲಿಯ ಕಲಾಶಾಲೆಯೊಂದರಲ್ಲಿ ಚಿತ್ರಕಲೆ ಓದಲು ಸೀಟು ಸಿಕ್ಕಿತ್ತು. ಒಂದು ಟ್ರಂಕು, ಕಂಕುಳಲ್ಲಿ ಕಾಗದದ ಸುರುಳಿ, ಕುತ್ತಿಗೆಯವರೆಗಷ್ಟೇ ಬರುವ ಕೂದಲು. ಆ ಕೂದಲನ್ನು ನೋಡಿ ಅಜ್ಜಿ ಎರಡು ದಿನ ಮಾತಾಡಲಿಲ್ಲ. ಹಿಂದಿನ ಬಾಲ್ಕನಿ ಚಿಕ್ಕಮ್ಮನ ಪಾಲಿಗೆ ಬಂತು. ಅಜ್ಜಿ ಮಡಿಸೀರೆ ಒಣಹಾಕುವ ಕೋಲೂ ಅದೇ ಬಾಲ್ಕನಿಯಲ್ಲಿದ್ದುದರಿಂದ ದಿನವೂ ಒಂದು ಜಗಳ ಖಾಯಂ ಆಯಿತು. ಬಣ್ಣ ತೆಳುಮಾಡುವ ಟರ್ಪೆಂಟೈನಿನ ವಾಸನೆ ಸಾರಿನ ಘಮದ ಜೊತೆ ಸೇರಿ ಮನೆಯೆಲ್ಲ ತುಂಬುತ್ತಿತ್ತು.

"ಇದೇನೇ ಪದ್ಮ, ದೇವರಿಗೆ ಸೀಮೆಎಣ್ಣೆ ಅಭಿಷೇಕ?"

"ಸೀಮೆಎಣ್ಣೆ ಅಲ್ಲ ಅಜ್ಜಿ. ಮರದ ಎಣ್ಣೆ. ಶುದ್ಧ ಸಸ್ಯಾಹಾರಿ."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳ ನಗು ಕೇಳಿ ಎಷ್ಟೋ ಕಾಲವಾಗಿತ್ತು. ಅಜ್ಜಿಗೂ ಅದು ಕೇಳಿಸಿರಬೇಕು. ಮುಂದೆ ಮಾತು ಬೆಳೆಸದೆ ಸೀರೆಯನ್ನು ಇನ್ನೊಂದು ತುದಿಗೆ ಸರಿಸಿ ಒಳಗೆ ಹೋದಳು.

ಒಂದು ಭಾನುವಾರ ಚಿಕ್ಕಮ್ಮ ನನ್ನನ್ನು ಇಂಡಿಯಾ ಗೇಟ್ ಹತ್ತಿರದ ದೊಡ್ಡ ಚಿತ್ರಶಾಲೆಗೆ ಕರೆದುಕೊಂಡು ಹೋದಳು. ತಂಪಾದ ಎತ್ತರದ ಕೋಣೆಗಳು, ಮೂಲೆಯಲ್ಲಿ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ ಕಾವಲುಗಾರ. ಮೊದಲ ಕೋಣೆಯಲ್ಲಿ ಎಣ್ಣೆಬಣ್ಣದ ಹಳೆಯ ಚಿತ್ರಗಳಿದ್ದವು. ಅದರಲ್ಲೊಬ್ಬಳು ದೇವಿ, ಅದೇ ಗುಂಡು ಮುಖ, ಅದೇ ಜರಿ ಸೀರೆ. ನಾನು "ಅರೇ, ನಮ್ಮನೆ ಲಕ್ಷ್ಮಿ!" ಎಂದು ಕೂಗಿಬಿಟ್ಟೆ.

"ನಮ್ಮನೆ ಲಕ್ಷ್ಮಿಗೆ ಇವಳು ಅಜ್ಜಿ ಆಗ್ಬೇಕು" ಎಂದಳು ಚಿಕ್ಕಮ್ಮ. "ಇಂಥ ಚಿತ್ರಗಳನ್ನ ನೋಡ್ಕೊಂಡೇ ಕ್ಯಾಲೆಂಡರ್‌ನೋರು ಬರೆಯೋಕೆ ಶುರು ಮಾಡಿದ್ದು. ಅದಕ್ಕೆ ಮುಂಚೆ ದೇವಿಗೆ ಹೀಗೆ ಸೀರೆ ಉಡಿಸಿ, ನಾಟಕದ ರಾಣಿ ಥರ ಯಾರೂ ನಿಲ್ಲಿಸಿರಲಿಲ್ಲ. ಆವಾಗ ಇದೇ ಹೊಸದು."

ಮುಂದಿನ ಕೋಣೆಯಲ್ಲಿ ಒಬ್ಬ ತಾಯಿ, ತೊಡೆಯ ಮೇಲೊಂದು ಮಗು. ಕಾಡಿಗೆಯಂಥ ದಪ್ಪ ಗೆರೆ, ಇಟ್ಟಿಗೆಪುಡಿಯ ಕೆಂಪು, ಸುಣ್ಣದ ಬಿಳಿ. ಕಣ್ಣುಗಳು ಮುಖ ದಾಟಿ ಹೊರಗೆ ಬಂದುಬಿಟ್ಟಿದ್ದವು. ನನಗೆ ನಿರಾಶೆಯಾಯಿತು.

"ಇದು ಬಚ್ಚಾ ಲೋಗ್ ಬರೆದಿದ್ದಾ ಚಿಕ್ಕಮ್ಮ?"

"ಅಲ್ಲ ಪುಟ್ಟಿ. ಮಕ್ಕಳಲ್ಲ, ದೊಡ್ಡ ಚಿತ್ರಗಾರರೇ. ವಿಲಾಯತಿ ನೆರಳು ಬೆಳಕು ಎಲ್ಲಾ ಕಲಿತಿದ್ದೋರು. ಆಮೇಲೆ ಬಂಗಾಳದ ಹಳ್ಳಿಗಳಲ್ಲಿ ಪಟ ಬರೆಯೋರನ್ನ ನೋಡಿ, ಕಲಿತಿದ್ದನ್ನೆಲ್ಲ ಬಿಟ್ಟುಬಿಟ್ಟರು."

"ಯಾಕೆ?"

"ಆ ಕೋಣೇಲಿ ಇದ್ದಾಳಲ್ಲ, ಅವಳು ನಮ್ಮನ್ನ ನೋಡ್ತಿದ್ಲಾ? ಇಲ್ಲ, ನಾವು ಅವಳನ್ನ ನೋಡ್ತಾ ಇದ್ವಿ. ಇವಳ ಮುಂದೆ ನಿಂತ್ಕೋ."

ನಿಂತುಕೊಂಡೆ. ಆ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಕೊನೆಯ ಕೋಣೆಯಲ್ಲಿ ದುರ್ಗೆಯ ಚಿತ್ರವೊಂದಿತ್ತು. ಅದರಲ್ಲಿ ದುರ್ಗೆ ಎಲ್ಲಿ ಮುಗಿಯುತ್ತಾಳೆ, ಕೋಣ ಎಲ್ಲಿ ಶುರುವಾಗುತ್ತದೆ ಎಂದೇ ತಿಳಿಯುತ್ತಿರಲಿಲ್ಲ. ಒಡೆದ ಕನ್ನಡಿಯ ಚೂರುಗಳ ಹಾಗೆ ತೋಳು, ಕೊಂಬು, ತೊಡೆ, ಬಾಯಿ. ನಾನು ಚಿಕ್ಕಮ್ಮನ ದುಪಟ್ಟಾ ಹಿಡಿದುಕೊಂಡೆ.

"ಹೆದರಿಕೆ ಆಯ್ತಾ? ಅಚ್ಛಾ. ದೇವಿ ಎದುರು ನಿಂತಾಗ ಒಂಚೂರು ಹೆದರಿಕೆ ಆಗ್ಬೇಕಲ್ವಾ?"

ಮುಂದೆ ನಾನು ಇದೇ ದೆಹಲಿಯ ಕಾಲೇಜುಗಳಲ್ಲಿ ವರ್ಷಾನುಗಟ್ಟಲೆ ಚಿತ್ರಕಲೆಯ ಚರಿತ್ರೆ ಪಾಠ ಮಾಡಿದೆ. ಒಂದು ತಲೆಮಾರಿನವರು ದೇವಿಯನ್ನು ಸಿಂಗರಿಸಿ ವೇದಿಕೆಯ ಮೇಲೆ ನಿಲ್ಲಿಸಿದ್ದು, ಮುಂದಿನವರು ಅವಳನ್ನು ಅಲ್ಲಿಂದ ಇಳಿಸಿ ಹಳ್ಳಿಯ ಹೆಂಗಸರ ನಡುವೆ ಕೂರಿಸಿದ್ದು, ಆಮೇಲಿನವರು ಅವಳ ಚೆಂದವನ್ನು ಮುರಿದು ಒಳಗಿನ ಬಲವನ್ನು ಹುಡುಕಿದ್ದು, ಎಲ್ಲವನ್ನೂ ಹುಡುಗ ಹುಡುಗಿಯರಿಗೆ ವಿವರಿಸಿದೆ. ಆದರೆ ನಾನು ಹೇಳಿದ್ದರಲ್ಲಿ ಆ ಭಾನುವಾರ ಚಿಕ್ಕಮ್ಮ ಹೇಳದೆ ಇದ್ದದ್ದು ಹೆಚ್ಚೇನೂ ಇರಲಿಲ್ಲ. ಅವಳು ಆಗ ಅದನ್ನೆಲ್ಲ ಓದಿ ಹೇಳುತ್ತಿರಲಿಲ್ಲ. ತಾನು ಮುಂದೆ ಏನು ಬರೆಯಬೇಕೆಂದು ಹುಡುಕುತ್ತಿದ್ದಳು.

ಮಳೆಗಾಲ ಶುರುವಾಗುವ ಹೊತ್ತಿಗೆ ಕಲಾಶಾಲೆಯ ಮೇಷ್ಟ್ರು ವಿದ್ಯಾರ್ಥಿಗಳಿಗೆಲ್ಲ ಒಂದು ಕೆಲಸ ಕೊಟ್ಟರು. ನಿಮ್ಮ ಮನೆಯ ದೇವಿಯನ್ನು ಬರೆಯಿರಿ, ಆದರೆ ಪಟ ನೋಡಿ ಬರೆಯಬೇಡಿ. ಚಿಕ್ಕಮ್ಮ ಹತ್ತಾರು ಕಾಗದ ಬರೆದು ಹರಿದಳು. ನೋಡಲಿಕ್ಕೆಂದು ಲೈಬ್ರರಿಯಿಂದ ಒಂದು ದಪ್ಪ ಪುಸ್ತಕ ತಂದಿದ್ದಳು. ಬೇರೆ ಬೇರೆ ದೇಶಗಳ ದೇವರ ಚಿತ್ರಗಳಿದ್ದವು. ಒಂದು ಮಧ್ಯಾಹ್ನ ಅಮ್ಮ ಪಾತ್ರೆ ತೊಳೆದ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಅದರ ಹಾಳೆ ತಿರುಗಿಸುತ್ತ ಕೂತಳು. ನಾನು ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದೆ. ನೀಲಿ ಬಟ್ಟೆಯ ಮೇರಿ, ತೊಡೆಯ ಮೇಲೆ ಬಾಲ ಏಸು. ಹಾಳೆ ಹಾಳೆಗೂ ಅದೇ. ಆಮೇಲೆ ಒಂದು ಹಾಳೆಯಲ್ಲಿ ಅಮ್ಮನ ಕೈ ನಿಂತುಬಿಟ್ಟಿತು. ಅಲ್ಲಿಯೂ ಮೇರಿಯೇ. ಆದರೆ ವಯಸ್ಸಾಗಿತ್ತು. ಅವಳ ಮಡಿಲಿನಲ್ಲಿ ದೊಡ್ಡ ಗಂಡಸೊಬ್ಬ ಅಡ್ಡಲಾಗಿ ಬಿದ್ದಿದ್ದ.

"ಇವಳ ಮಡಿಲಲ್ಲಿರೋದು ಯಾರೇ?"

"ಅವಳ ಮಗ ಅಕ್ಕ. ಏಸು. ಶಿಲುಬೆಯಿಂದ ಇಳಿಸಿದ ಮೇಲೆ."

"ಸತ್ತಿದ್ದಾನಾ?"

"ಹೂಂ."

"ಇದಕ್ಕೂ ಕೈ ಮುಗೀತಾರಾ?"

"ಮುಗೀತಾರೆ. ಮೋಂಬತ್ತಿ ಹಚ್ತಾರೆ."

ಅಮ್ಮ ಆ ಚಿತ್ರದ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಿದ್ದಳು. ಆಮೇಲೆ ಅವಳು ಕೇಳಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

"ನಮ್ಮಲ್ಲಿ ಹೀಗೆ ಕೂತ ದೇವರು ಯಾರೂ ಇಲ್ಲ, ಅಲ್ವಾ ಪದ್ಮ?"

ಅಮ್ಮ ಪುಸ್ತಕ ಮುಚ್ಚಿ, ಸಂಜೆಯ ಕಾಫಿಗೆ ಹಾಲು ಕಾಯಿಸಲು ಎದ್ದುಹೋದಳು. ಮರುದಿನ ಚಿಕ್ಕಮ್ಮ, ಮಧ್ಯಾಹ್ನದ ಹೊತ್ತು ಬಾಲ್ಕನಿಯಲ್ಲಿ ಒಂದು ಗಂಟೆ ಕೂರುತ್ತೀಯಾ ಎಂದು ಅಮ್ಮನನ್ನು ಕೇಳಿದಳು. ಸುಮ್ಮನೆ ಕೂರುವುದು ಅಮ್ಮನಿಗೆ ಗೊತ್ತೇ ಇರಲಿಲ್ಲ. ಮೊರದಲ್ಲಿ ಅಕ್ಕಿ ಹಾಕಿಕೊಂಡು, ಅದನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲು ಆರಿಸುತ್ತ ಕೂತಳು. ಅಜ್ಜಿ ಮುಂದಿನ ಕೋಣೆಯಲ್ಲಿ ಮಲಗಿರುತ್ತಿದ್ದಳು. ಶಾಲೆಗೆ ರಜೆಯಿದ್ದಾಗ ನಾನು ಬಾಗಿಲಿಗೊರಗಿ ನೋಡುತ್ತಿದ್ದೆ. ಮೂರು ವಾರ ಹೀಗೆ ನಡೆಯಿತು. ಚಿತ್ರ ಮುಗಿಯುವತನಕ ನೋಡುವುದಿಲ್ಲವೆಂದು ಅಮ್ಮ ಹೇಳಿದ್ದಳು. ಏಳುವಾಗಲೂ ಅತ್ತ ತಿರುಗದೆ ಮೊರ ಹಿಡಿದು ಒಳಗೆ ಹೋಗುತ್ತಿದ್ದಳು. ನಾನು ಮಾತ್ರ ದಿನದಿನವೂ ನೋಡಿದೆ. ಚಿಕ್ಕಮ್ಮ ಅಮ್ಮನ ಹೆಗಲನ್ನು ಗುಡ್ಡದಷ್ಟು ಅಗಲ ಮಾಡಿದಳು. ಸೀರೆಗೆ ನೆರಿಗೆಯಿಲ್ಲ, ಬರೀ ಮಣ್ಣಿನ ಬಣ್ಣದ ದೊಡ್ಡ ದೊಡ್ಡ ಹರವುಗಳು. ಮುಖ ಕಡುಹಸಿರಿನ ಕಪ್ಪು. ಒಂದು ಕಣ್ಣು ಇನ್ನೊಂದಕ್ಕಿಂತ ದೊಡ್ಡದು. ಒಡವೆಯೆಂದರೆ ಕೊರಳಲ್ಲೊಂದು ಕಪ್ಪು ಗೆರೆ. ತಲೆಯ ಹಿಂದೆ ಪ್ರಭಾವಳಿಯ ಜಾಗದಲ್ಲಿ ನಮ್ಮನೆಯ ರೊಟ್ಟಿ ಕಾವಲಿ, ದುಂಡಗೆ, ಕರ್ರಗೆ. ಎರಡು ಕೈಗಳು ಮೊರದ ಅಂಚನ್ನು ಹಿಡಿದಂತೆಯೇ ಇದ್ದವು. ಮೊರವನ್ನು ಮಾತ್ರ ಅವಳು ಬರೆಯಲೇ ಇಲ್ಲ. ಆ ಕೈಗಳ ನಡುವೆ, ಮಡಿಲಿನಲ್ಲಿ, ಏನೂ ಇರಲಿಲ್ಲ.

ಗೌರಿ ಹಬ್ಬಕ್ಕೆ ಇನ್ನೊಂದು ವಾರವಿತ್ತು. ಅಜ್ಜಿ ಮಡಿಸೀರೆ ಹಿಡಿದು ಬಾಲ್ಕನಿಗೆ ಹೋದವಳು ಕೂಗಿಕೊಂಡಳು. ನಾನೂ ಅಮ್ಮನೂ ಚಿಕ್ಕಮ್ಮನೂ ಓಡಿದೆವು. ಚಿತ್ರದ ಮೇಲಿನ ಬಟ್ಟೆ ಗಾಳಿಗೆ ಜಾರಿ ಬಿದ್ದಿತ್ತು.

"ಯಾರೇ ಇದು?"

"ಗೌರಿ, ಅಜ್ಜಿ" ಎಂದಳು ಚಿಕ್ಕಮ್ಮ.

"ಗೌರಿಯಾ? ನಿಮ್ಮಕ್ಕ ಸಾವಿತ್ರಿಯನ್ನ ಬರೆದು ಗೌರಿ ಅಂತೀಯಾ? ನಂಗೆ ಕಣ್ಣು ಕಾಣಲ್ವಾ? ಮಡಿಲು ಖಾಲಿ ಬಿಟ್ಟಿದ್ದೀಯಲ್ಲೇ! ಅವಳಿಗಿನ್ನೂ ವಯಸ್ಸಿದೆ, ಇನ್ನೊಂದು ಮಗು ಆಗ್ಬೇಕು. ಹಬ್ಬ ಎದುರಿಗಿಟ್ಕೊಂಡು ಇಂಥದ್ದನ್ನ ಬರೀತಾರಾ?"

"ಗೌರಿಗೆ ದುಃಖ ಇರಬಾರದಾ ಅಜ್ಜಿ?"

"ಇರುತ್ತೆ. ಯಾರಿಗಿಲ್ಲ? ಅದನ್ನ ಗೋಡೆ ಮೇಲೆ ತೂಗುಹಾಕ್ಕೋಬಾರದು."

ಅಮ್ಮ ಚಿತ್ರವನ್ನು ನೋಡುತ್ತ ನಿಂತಿದ್ದಳು. ಅವಳ ಎರಡು ಕೈಗಳು ತಮ್ಮಷ್ಟಕ್ಕೆ ಸ್ವಲ್ಪ ಮೇಲೆ ಬಂದು, ಹಾಗೆಯೇ ಕೆಳಗಿಳಿದವು. ಆಮೇಲೆ ಅಡುಗೆಮನೆಗೆ ಹೋದಳು. ಸಂಜೆ ಅಪ್ಪ ಬಂದಾಗ ಅಜ್ಜಿ ಅಷ್ಟನ್ನೂ ಹೇಳಿದಳು. ಅಪ್ಪ ಬಾಲ್ಕನಿಗೆ ಹೋಗಿ ಚಿತ್ರವನ್ನು ಒಂದು ಸಲ ನೋಡಿ, ತಕ್ಷಣ ಬಟ್ಟೆ ಮುಚ್ಚಿ ಬಂದರು. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ಪದ್ಮಾ, ನಿನ್ನ ಕಾಲೇಜಿನ ವಿದ್ಯೆ ಕಾಲೇಜಲ್ಲೇ ಇಟ್ಕೋ. ನಿಮ್ಮಕ್ಕ ಎಷ್ಟು ಕಷ್ಟಪಟ್ಟು ಎಲ್ಲಾ ಮರೆತು ಸುಧಾರಿಸ್ಕೊಂಡಿದ್ದಾಳೆ, ನಿಂಗೇನು ಗೊತ್ತು? ಸುಮ್ನೆ ಕೆದಕಬೇಡ."

"ಭಾವ, ನಾನು ಕೆದಕಬೇಕೂಂತ..."

ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮನ ದನಿ ಬಂತು. ಗಟ್ಟಿಯಾಗೇನೂ ಇರಲಿಲ್ಲ.

"ನಾನು ಮರೆತಿದ್ದೀನಿ ಅಂತ ನಿಮಗೆ ಹೇಳಿದ್ದು ಯಾರು?"

ಕೆಳಗಿನ ಮೈದಾನದಲ್ಲಿ ಕ್ರಿಕೆಟ್ ಆಡುವ ಹುಡುಗರ ಗಲಾಟೆ ಮಾತ್ರ ಕೇಳುತ್ತಿತ್ತು. ಅಪ್ಪ ಬಾಗಿಲ ಬಳಿ ನಿಂತರು, ಅಡುಗೆಮನೆಯೊಳಗೆ ಕಾಲಿಡಲಿಲ್ಲ. ಸ್ವಲ್ಪ ಹೊತ್ತಿಗೆ ಹೊರಗೆ ಹೋಗಿ, ಊಟದ ಹೊತ್ತಿಗೆ ಬಂದರು. ಆ ದಿನ ಎಲ್ಲರ ತಟ್ಟೆಯಲ್ಲೂ ಅನ್ನ ಉಳಿಯಿತು. ಮರುದಿನ ಬೆಳಿಗ್ಗೆ ಚಿಕ್ಕಮ್ಮ ಚಿತ್ರವನ್ನು ಹಳೇ ಬೆಡ್‌ಶೀಟಿನಲ್ಲಿ ಕಟ್ಟಿ, ಟ್ರಂಕಿನ ಜೊತೆ ಕೆಳಗಿಳಿಸಿದಳು. ಕಲಾಶಾಲೆಯ ಗೆಳತಿಯೊಬ್ಬಳ ಹಾಸ್ಟೆಲ್ ರೂಮಿನಲ್ಲಿ ಜಾಗವಿತ್ತು. ಹೋಗೆಂದು ಯಾರೂ ಹೇಳಿರಲಿಲ್ಲ, ಇರೆಂದೂ ಹೇಳಲಿಲ್ಲ. ಅಮ್ಮ ಒಂದು ಡಬ್ಬದಲ್ಲಿ ಚಟ್ನಿಪುಡಿ ತುಂಬಿಕೊಟ್ಟಳು. ಚಿಕ್ಕಮ್ಮ ಆಟೋದಲ್ಲಿ ಚಿತ್ರವನ್ನು ಎರಡು ಕೈಯಿಂದಲೂ ಹಿಡಿದುಕೊಂಡು ಕೂತಿದ್ದಳು; ನನಗೆ ಕೈ ಬೀಸಲು ಅವಳಿಗೆ ಕೈಯೇ ಉಳಿದಿರಲಿಲ್ಲ. ನಾನು ಸೆಕ್ಟರಿನ ಮಾರ್ಕೆಟ್ ತನಕ ಆಟೋದ ಹಿಂದೆ ಓಡಿದೆ.

ಹಬ್ಬದ ದಿನ ಮನೆಯಲ್ಲಿ ಅತ್ತೆ ಸೊಸೆಯರ ನಡುವೆ ಬೇಕಾದಷ್ಟೇ ಮಾತು. ಅಮ್ಮ ಅರಿಶಿನವನ್ನು ಹಾಲಿನಲ್ಲಿ ಕಲಸಿ, ಅಂಗೈಯಲ್ಲಿ ತಟ್ಟಿ ತಟ್ಟಿ ಗೌರಿಯನ್ನು ಮಾಡಿದಳು. ಬೆರಳುದ್ದದ ಒಂದು ಹಳದಿ ಗೋಪುರ, ಅಷ್ಟೇ. ಅದಕ್ಕೆ ಮಣೆ ಹಾಕಿ, ಗೆಜ್ಜೆವಸ್ತ್ರ ಏರಿಸಿ, ಎಲ್ಲ ಉಪಚಾರ ನಡೆಯಿತು. ಚಿತ್ರಶಾಲೆಗೆ ಹೋಗಿಬಂದಾಗಿನಿಂದ ನನಗೆ ಎಲ್ಲದರಲ್ಲೂ ಕಣ್ಣು ಮೂಗು ಹುಡುಕುವ ಚಟ ಹತ್ತಿತ್ತು.

"ಅಜ್ಜಿ, ಈ ಗೌರಿಗೆ ಮುಖಾನೇ ಇಲ್ವಲ್ಲ?"

"ನೋಡೋರಿಗೆ ಭಕ್ತಿ ಇದ್ರೆ ಮುಖ ತಾನಾಗೇ ಕಾಣುತ್ತೆ ಕಣೇ."

ಅಮ್ಮ ತಲೆಯೆತ್ತದೆ ಹೂವು ಏರಿಸುತ್ತಲೇ ಹೇಳಿದಳು:

"ಹಾಗಿದ್ರೆ ಪದ್ಮ ಬರೆದ ಗೌರೀಲೂ ಕಾಣಬಹುದಿತ್ತು, ಅತ್ತೆ."

ಅಜ್ಜಿ ಸಿಡುಕುತ್ತಾಳೆಂದು ನಾನು ಕಾದೆ. ಅವಳು ಸಿಡುಕಲಿಲ್ಲ. ಅರಿಶಿನದ ಗೌರಿಯನ್ನೇ ನೋಡುತ್ತ ಕೂತಳು. ಆಮೇಲೆ ಎಷ್ಟೋ ದಿನ, ಒಣಗಿದ ಸೀರೆ ತರಲು ಬಾಲ್ಕನಿಗೆ ಹೋದವಳು ಚಿತ್ರ ಇದ್ದ ಖಾಲಿ ಮೂಲೆಯ ಮುಂದೆ ನಿಂತಿರುವುದನ್ನು ನಾನು ಕಂಡೆ.

ಚಳಿ ಶುರುವಾಯಿತು. ಕ್ವಾರ್ಟರ್ಸಿನ ಹೆಂಗಸರು ಬಿಸಿಲಿಗೆ ಚಾಪೆ ಹಾಸಿಕೊಂಡು ಸ್ವೆಟರ್ ಹೆಣೆಯುತ್ತ ಕೂರುವ ಕಾಲ. ಒಂದು ಸಂಜೆ ಅಪ್ಪ ಟಪಾಲಿನಲ್ಲಿ ಬಂದ ಕಾರ್ಡನ್ನು ಅಮ್ಮನ ಮುಂದಿಟ್ಟು, "ನಿಂಗೆ ಬಂದಿದೆ" ಎಂದರು. ಚಿಕ್ಕಮ್ಮನ ತರಗತಿಯವರ ಚಿತ್ರಪ್ರದರ್ಶನಕ್ಕೆ ಕರೆ. ಮೇಲೆ ಅಮ್ಮನ ಹೆಸರಷ್ಟೇ ಇತ್ತು. ಆ ಮನೆಯ ವಿಳಾಸಕ್ಕೆ ಅವಳೊಬ್ಬಳ ಹೆಸರಿನಲ್ಲಿ ಕಾಗದ ಬಂದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅಮ್ಮ ಅದನ್ನು ಎರಡು ಸಲ ಓದಿ, "ನಾಳೆ ಹೋಗಿಬರ್ತೀನಿ" ಎಂದಳು. ಎಷ್ಟನೆಯ ನಂಬರಿನ ಬಸ್ಸು, ಎಲ್ಲಿ ಇಳಿಯಬೇಕು ಎಂದು ಅಪ್ಪ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಬೆಳಿಗ್ಗೆ ನಾವು ಹೊರಡುವಾಗ ಅಜ್ಜಿ ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದಳು.

"ಒಬ್ಬಳೇ ಮಗು ಕಟ್ಕೊಂಡು ಹೋಗ್ತೀಯಾ? ನಿನ್ನ ಹಿಂದಿ ನಂಬ್ಕೊಂಡು? ನಾನೂ ಬರ್ತೀನಿ."

"ಬಸ್ಸಲ್ಲಿ ಜನ ಮೈಮೇಲೆ ಬೀಳ್ತಾರೆ ಅತ್ತೆ."

"ಬಂದು ಸ್ನಾನ ಮಾಡ್ತೀನಿ. ನಡಿ."

ಪ್ರದರ್ಶನವಿದ್ದದ್ದು ಕಲಾಶಾಲೆಯ ಉದ್ದನೆಯ ಹಜಾರದಲ್ಲಿ. ಎರಡೂ ಕಡೆ ಗೋಡೆಯ ತುಂಬ ಚಿತ್ರಗಳು. ಹತ್ತು ಕೈಯ ದೇವಿಯೊಬ್ಬಳು ಬಸ್ಸಿನ ಕಂಬಿ ಹಿಡಿದು ನಿಂತಿದ್ದಳು, ಇನ್ನೊಬ್ಬಳು ಬರೀ ಒಂದು ಕೆಂಪು ತ್ರಿಕೋನ. ನಮ್ಮ ಗೌರಿ ಕೊನೆಯ ಕಿಟಕಿಯ ಪಕ್ಕದಲ್ಲಿದ್ದಳು. ಬಾಲ್ಕನಿಯಲ್ಲಿ ಇಕ್ಕಟ್ಟಾಗಿ ಕಾಣುತ್ತಿದ್ದ ಚಿತ್ರ ಇಲ್ಲಿ ಬಹಳ ದೊಡ್ಡದಾಗಿ ಕಂಡಿತು. ಚಿಕ್ಕಮ್ಮ ದೂರದಿಂದಲೇ ನಮ್ಮನ್ನು ನೋಡಿದಳು. ಹತ್ತಿರ ಬರಲು ಅವಳಿಗೆ ಧೈರ್ಯವಾಗಲಿಲ್ಲ. ಚಿತ್ರದ ಮುಂದೆ ಒಬ್ಬ ಪಂಜಾಬಿ ಹೆಂಗಸು ನಿಂತಿದ್ದಳು. ನಡುವಯಸ್ಸು, ಕೈಯಲ್ಲಿ ತರಕಾರಿ ಚೀಲ. ಯಾರನ್ನೋ ಕರೆದೊಯ್ಯಲು ಬಂದು, ಹಾಗೇ ಒಳಗೆ ಬಂದವಳ ಹಾಗಿದ್ದಳು. ಅವಳು ಚಿತ್ರವನ್ನು ನೋಡಿದಳು, ಅಮ್ಮನನ್ನು ನೋಡಿದಳು, ಮತ್ತೆ ಚಿತ್ರವನ್ನು ನೋಡಿದಳು.

"ಬಹನ್‌ಜೀ, ಯೇ ಆಪ್ ಹೈ ನಾ?"

ಹೌದು, ನಾನೇ ಎಂಬಂತೆ ಅಮ್ಮ ತಲೆಯಾಡಿಸಿದಳು.

"ಗೋದ್ ಮೇ ಕೌನ್ ಥಾ?" ಎಂದಳು ಆ ಹೆಂಗಸು ಮೆಲ್ಲಗೆ. ಮಡಿಲಲ್ಲಿ ಏನಿತ್ತು ಎಂದಲ್ಲ, ಯಾರಿದ್ದರು ಎಂದು ಕೇಳಿದಳು.

ಅಮ್ಮನಿಗೆ ತರಕಾರಿ ಭಯ್ಯಾನ ಜೊತೆ ಚೌಕಾಶಿ ಮಾಡುವಷ್ಟು ಮಾತ್ರ ಹಿಂದಿ ಬರುತ್ತಿತ್ತು. ಮಗ, ಒಂಬತ್ತು ದಿನದವನು ಎಂದು ಆ ಹಿಂದಿಯಲ್ಲೇ ಹೇಳಿದಳು.

"ಬೇಟಾ ಥಾ. ನೌ ದಿನ್ ಕಾ."

"ಕ್ಯಾ ನಾಮ್ ಥಾ?"

ನಾನು ಅಮ್ಮನ ಮುಖ ನೋಡಿದೆ. ಹನ್ನೊಂದನೆಯ ದಿನ ನಾಮಕರಣವೆಂದು ಗೊತ್ತುಮಾಡಿದ್ದರು; ಅವನು ಅಲ್ಲಿಯತನಕ ಉಳಿಯಲಿಲ್ಲ. ಅವನಿಗೆ ಹೆಸರೇ ಇರಲಿಲ್ಲ ಎಂದುಕೊಂಡಿದ್ದೆ.

"ಮುರಳಿ" ಎಂದಳು ಅಮ್ಮ.

ಆ ಹೆಂಗಸು ಚೀಲವನ್ನು ನೆಲಕ್ಕಿಟ್ಟು, ಅಮ್ಮನ ಎರಡೂ ಕೈಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ತನ್ನ ಕಥೆಯೇನೆಂದು ಹೇಳಲಿಲ್ಲ. ಕಣ್ಣೊರೆಸಿಕೊಂಡು, ಚೀಲವೆತ್ತಿಕೊಂಡು ಹೋದಳು. ಅಜ್ಜಿ ಅಲ್ಲೇ ನಿಂತಿದ್ದಳು.

"ಏನಂದೆ ಅವಳಿಗೆ?"

"ಮುರಳಿ ಅಂದೆ, ಅತ್ತೆ."

"ನಂಗೆ ಯಾವತ್ತೂ ಹೇಳ್ಲಿಲ್ಲ ನೀನು."

"ನೀವು ಕೇಳ್ಲಿಲ್ಲ."

ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಅಜ್ಜಿ ಚಿತ್ರದ ಕಡೆ ತಿರುಗಿ, ಬಹಳ ಹೊತ್ತು ಆ ಖಾಲಿ ಜಾಗವನ್ನು ನೋಡಿದಳು. ಆಮೇಲೆ ಯಾರಿಗೆಂದಿಲ್ಲದೆ ಮಾತಾಡಿದಳು.

"ನಂಗೆ ಮೂರು ಹೋದವು. ಕಮಲ ಅಂತ ಒಂದು, ವೆಂಕಟೇಶ ಅಂತ ಒಂದು. ಮೊದಲನೇದಕ್ಕೆ ಹೆಸರಿಡೋಕೂ ಆಗ್ಲಿಲ್ಲ. ನಮ್ಮತ್ತೆ ಹೇಳಿದ್ರು, ಅಳಬೇಡ, ಅತ್ತರೆ ಮುಂದಿನದಕ್ಕೆ ಒಳ್ಳೇದಲ್ಲ ಅಂತ. ಅಳ್ಲಿಲ್ಲ. ನಿಂಗೂ ಅದನ್ನೇ ಹೇಳ್ದೆ."

ಅಮ್ಮ ಅವಳ ಹತ್ತಿರ ಸರಿದು ನಿಂತಳು. ಇಬ್ಬರೂ ಅಳುತ್ತಿದ್ದರು. ನನಗೆ ಏನು ಮಾಡಬೇಕೆಂದು ತಿಳಿಯದೆ ಓಡಿಹೋಗಿ ಚಿಕ್ಕಮ್ಮನನ್ನು ಎಳೆದುಕೊಂಡು ಬಂದೆ. ಅಜ್ಜಿ ಶಾಲಿನಲ್ಲಿ ಮುಖ ಒರೆಸಿಕೊಂಡು ಅವಳನ್ನು ನೋಡಿದಳು.

"ಒಂದು ಕಣ್ಣು ದೊಡ್ಡದಾಯ್ತು ಕಣೇ ಪದ್ಮ."

"ಬೇಕೂಂತಲೇ ಅಜ್ಜಿ."

"ಇರಲಿ ಬಿಡು" ಎಂದಳು ಅಜ್ಜಿ. "ಭಾನುವಾರ ಊಟಕ್ಕೆ ಬಾ."

ಚಿತ್ರಕ್ಕೆ ಬಹುಮಾನವೇನೂ ಬರಲಿಲ್ಲ. ಚಿಕ್ಕಮ್ಮ ಓದು ಮುಗಿಸಿ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆದಳು, ಮದುವೆಯಾಗಲಿಲ್ಲ. ಹೌಜ್ ಖಾಸ್‌ನ ಬಾಡಿಗೆ ಮಹಡಿಯಲ್ಲಿ ನಿವೃತ್ತಿಯತನಕ ಇದ್ದಳು, ಬರೆಯುತ್ತಲೇ ಇದ್ದಳು. ಅವಳಿಂದ ಬಂದ ಆ ಗೌರಿ ಈಗ ರೋಹಿಣಿಯ ನನ್ನ ಫ್ಲ್ಯಾಟಿನಲ್ಲಿದ್ದಾಳೆ. ಮಣ್ಣಿನ ಬಣ್ಣ ಅಲ್ಲಲ್ಲಿ ಬಿರುಕು ಬಿಟ್ಟಿದೆ. ಅಮ್ಮನಿಗೆ ಇನ್ನೊಂದು ಮಗುವಾಗಲಿಲ್ಲ. ಅದಕ್ಕೆ ಚಿತ್ರವೇ ಕಾರಣವೆಂದು ಅಜ್ಜಿ ಒಂದು ದಿನವೂ ಅನ್ನಲಿಲ್ಲ. ಅಜ್ಜಿಯೂ ಅಮ್ಮನೂ ಅಪ್ಪನೂ ಈಗಿಲ್ಲ.

ಪ್ರದರ್ಶನಕ್ಕೆ ಹೋದ ಆ ದಿನ ನಾವು ಮನೆಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಅಜ್ಜಿ ಸ್ನಾನ ಮಾಡಿದಳು. ಅಮ್ಮ ಕಾಫಿಗಿಟ್ಟಳು. ಅಪ್ಪ ಆಫೀಸಿನಿಂದ ಬಂದು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಒಂದು ಶೂ ಬಿಚ್ಚಿ ಇನ್ನೊಂದರ ದಾರಕ್ಕೆ ಕೈಹಾಕಿದ್ದರು. ಪ್ರದರ್ಶನ ಹೇಗಿತ್ತೆಂದು ಅವರು ಕೇಳಲಿಲ್ಲ. ಅಜ್ಜಿಯೇ ಎದುರಿಗೆ ಬಂದು ನಿಂತಳು.

"ನಿನ್ನ ಮಗನಿಗೆ ಇವಳು ಮುರಳಿ ಅಂತ ಹೆಸರಿಟ್ಟಿದ್ಲಂತೆ ಕಣೋ."

ಅಪ್ಪನ ಕೈ ನಿಂತಿತು. ಅಡುಗೆಮನೆಯ ಬಾಗಿಲಲ್ಲಿದ್ದ ಅಮ್ಮನನ್ನು ನೋಡಿದರು.

"ಯಾವಾಗ?"

"ಅವನು ಹುಟ್ಟಿದ ದಿನಾನೇ" ಎಂದಳು ಅಮ್ಮ.

ಅಪ್ಪ ತಲೆ ತಗ್ಗಿಸಿದರು. ನೆಲ ನೋಡುತ್ತಲೇ, ತುಂಬ ನಿಧಾನವಾಗಿ ಹೇಳಿದರು.

"ಅವತ್ತು ನಾನೇ ಎತ್ಕೊಂಡು ಹೋದೆನಲ್ಲ ಸಾವಿತ್ರಿ. ಮಣ್ಣು ಹಾಕೋ ಮುಂಚೆ ಒಂದ್ಸಲ ಕರೀಬೇಕು ಅನ್ನಿಸ್ತು. ಏನಂತ ಕರೀಬೇಕು ಅಂತ ಗೊತ್ತಾಗ್ಲಿಲ್ಲ."

ಅಮ್ಮ ಬಂದು ಅವರ ಕಾಲ ಬಳಿ ನೆಲದ ಮೇಲೆ ಕೂತಳು. ಒಳಗೆ ಹಾಲು ಉಕ್ಕಿ ಸ್ಟೌವಿನ ಮೇಲೆ ಸುರಿದ ಸದ್ದು ಬಂತು, ಯಾರೂ ಏಳಲಿಲ್ಲ. ಅಪ್ಪ ಆ ಹೆಸರನ್ನು ಒಮ್ಮೆ ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ಹೇಳಿದರು, ಈ ಸಲ ಕರೆಯುವ ಹಾಗೆ.